ಪ್ರೋಟೀನ್ ಕೂತ ಜಾಗ

ಹೈದರಾಬಾದಿನಲ್ಲಿ ಡಿಎನ್‌ಎ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಸಿಸಿಎಂಬಿಯ ಲಾಲ್‌ಜಿ ಸಿಂಗ್ ಮತ್ತು ಡಿಎನ್‌ಎ ಫಿಂಗರ್‌ಪ್ರಿಂಟ್. ಅಪರಾಧಿ ಯಾರು, ತಂದೆ ಯಾರು ಎಂದು ಹೇಳುವ ಬೆರಳಚ್ಚು ಅದು. ಹೆಸರಿನಲ್ಲಿ ಅದಕ್ಕೆ ಹತ್ತಿರದ ‘ಫುಟ್‌ಪ್ರಿಂಟ್’ ಎಂಬ ವಿಧಾನವೂ ಇದೆ. ಡಿಎನ್‌ಎ ಮೇಲೆ ಪ್ರೋಟೀನ್ ಎಲ್ಲಿ ಕೂತಿತ್ತು ಎಂದು ತೋರಿಸುವ ಹೆಜ್ಜೆ ಗುರುತು ಅದು.

ಇದನ್ನು ಈ ಸಲ ಬರೆಯಲು ಕಾರಣ, ನಮ್ಮ ಸಂಘದ ಹಿರಿಯರೊಬ್ಬರ ಪ್ರಶ್ನೆ. ಅವರ ಮಗಳ ರಿಪೋರ್ಟಿನಲ್ಲಿ ಟಿಪಿ53 ಜೀನಿನ ಒಂದು ಅಕ್ಷರ ಬದಲಾಗಿದೆ, ‘ಪರಿಣಾಮ ಅನಿಶ್ಚಿತ’ ಎಂದಿತ್ತು. “ಅಂದ್ರೆ ಕ್ಯಾನ್ಸರ್ ಅಂತಾನೇನಮ್ಮಾ?” ಎಂದರು. ಖಂಡಿತ ಹಾಗಲ್ಲ.

ಈ ಜೀನ್ ತಯಾರಿಸುವ ಪಿ53 ಪ್ರೋಟೀನಿನಲ್ಲಿ 393 ಅಮೈನೊ ಆಮ್ಲಗಳಿವೆ. ಡಿಎನ್‌ಎಯ ಗೊತ್ತಾದ ಜಾಗಗಳನ್ನು ಹಿಡಿದು, ಹಾನಿಯಾದ ಜೀವಕೋಶ ಬೆಳೆಯದಂತೆ ತಡೆಯುವ ಜೀನುಗಳನ್ನು ಎಬ್ಬಿಸುವುದು ಅದರ ಕೆಲಸ. 248 ಮತ್ತು 273ನೇ ಸ್ಥಾನದ ಆರ್ಜಿನಿನ್‌ಗಳು ನೇರವಾಗಿ ಡಿಎನ್‌ಎಯನ್ನು ಮುಟ್ಟುತ್ತವೆ. ಅಲ್ಲಿ ಬದಲಾದರೆ ಹಿಡಿತ ತಪ್ಪುತ್ತದೆ. ಬೇರೆಡೆ ಬದಲಾದರೆ ಏನೂ ಆಗದೆಯೂ ಇರಬಹುದು. ಹಾಗಾದರೆ ಹಿಡಿತವನ್ನು ಪರೀಕ್ಷಿಸುವುದು ಹೇಗೆ?

ಮೊದಲನೆಯದು 1981ರಲ್ಲಿ ಬಂದ ಜೆಲ್ ಶಿಫ್ಟ್. ಗುರುತು ಹಚ್ಚಿದ ಡಿಎನ್‌ಎ ತುಂಡನ್ನು ಜೆಲ್‌ನಲ್ಲಿಟ್ಟು ಕರೆಂಟು ಹರಿಸಿದರೆ ಅದು ಧನ ವಿದ್ಯುದ್ವಾರದ ಕಡೆ ಓಡುತ್ತದೆ. ಪ್ರೋಟೀನನ್ನು ಹೊತ್ತ ಡಿಎನ್‌ಎ, ಲಗೇಜು ಹೊತ್ತವರು ಸಿಕಂದರಾಬಾದ್ ಸ್ಟೇಷನ್ನಿನ ಮೆಟ್ಟಿಲು ಹತ್ತಿದಂತೆ, ಹಿಂದೆ ಬೀಳುತ್ತದೆ. ಇಷ್ಟಕ್ಕೇ ನಂಬುವಂತಿಲ್ಲ. ಗುರುತಿಲ್ಲದ ಅದೇ ಡಿಎನ್‌ಎಯನ್ನು ಹೆಚ್ಚಾಗಿ ಸುರಿದಾಗ ಹಿಂದೆ ಬಿದ್ದ ಗೆರೆ ಮಾಯವಾಗಬೇಕು. ಬೇರೆ ಅಕ್ಷರಗಳ ಡಿಎನ್‌ಎ ಸುರಿದಾಗ ಉಳಿಯಬೇಕು. ಆಗಲೇ ಪ್ರೋಟೀನ್ ಆ ಜಾಗವನ್ನೇ ಆರಿಸಿ ಹಿಡಿದಿದೆ ಎನ್ನಬಹುದು.

ಎರಡನೆಯದೇ ಫುಟ್‌ಪ್ರಿಂಟ್. 1978ರಲ್ಲಿ ಗ್ಯಾಲಸ್ ಮತ್ತು ಶ್ಮಿಟ್ಜ್ ಇದನ್ನು ಪ್ರಕಟಿಸಿದರು. ಮಳೆ ಬಂದಾಗ ನಿಂತ ಕಾರಿನ ಕೆಳಗಿನ ನೆಲ ಒಣಗಿಯೇ ಇರುತ್ತದಲ್ಲ, ಹಾಗೆ. ಡಿಎನ್‌ಏಸ್ ಎಂಬ ಕಿಣ್ವ ಡಿಎನ್‌ಎಯನ್ನು ಕತ್ತರಿಸುತ್ತಾ ಹೋಗುತ್ತದೆ. ಪ್ರೋಟೀನ್ ಕೂತಲ್ಲಿ ಮಾತ್ರ ಕತ್ತರಿ ಬೀಳದು. ಜೆಲ್‌ನಲ್ಲಿ ಆ ಭಾಗ ಖಾಲಿ ಕಾಣುತ್ತದೆ.

ಇವೆರಡೂ ಟ್ಯೂಬಿನೊಳಗಿನ ಮಾತು. ಜೀವಕೋಶದಲ್ಲಿ ಏನಾಗುತ್ತದೆಂದು ನೋಡಲು ‘ಚಿಪ್’ ವಿಧಾನವಿದೆ. ಫಾರ್ಮಾಲ್ಡಿಹೈಡ್ ಹಾಕಿ ಪ್ರೋಟೀನು, ಡಿಎನ್‌ಎಗಳನ್ನು ಇದ್ದಲ್ಲೇ ಅಂಟಿಸಿ, ಡಿಎನ್‌ಎಯನ್ನು ತುಂಡರಿಸಿ, ಆ್ಯಂಟಿಬಾಡಿಯಿಂದ ಬೇಕಾದ ಪ್ರೋಟೀನನ್ನು ಎಳೆದು, ಜತೆಗೆ ಬಂದ ಡಿಎನ್‌ಎಯನ್ನು ಓದುತ್ತಾರೆ.

ನನ್ನ ಮಾತಿಷ್ಟೇ. ‘ಅನಿಶ್ಚಿತ’ ಎಂದರೆ ಸಾಕ್ಷ್ಯ ಇನ್ನೂ ಸಾಲದು ಎಂದರ್ಥ. ರೋಗ ಬಂತೆಂದಲ್ಲ, ಬರುವುದಿಲ್ಲವೆಂದೂ ಅಲ್ಲ. ಇಂಥ ಪ್ರಯೋಗಗಳು, ಕುಟುಂಬದ ಇತಿಹಾಸ, ಇತರ ರೋಗಿಗಳ ಮಾಹಿತಿ ಕೂಡಿದಾಗ ಆ ಪದ ಮುಂದೆ ಬದಲಾಗಬಹುದು. ಅಂಥ ರಿಪೋರ್ಟು ಕೈಗೆ ಬಂದರೆ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಜೆನೆಟಿಕ್ ಕೌನ್ಸೆಲರ್ ಬಳಿ ಹೋಗಿ, “ಈ ಬದಲಾವಣೆಯನ್ನು ಲ್ಯಾಬಿನಲ್ಲಿ ಯಾರಾದರೂ ಪರೀಕ್ಷಿಸಿದ್ದಾರಾ?” ಎಂದು ಕೇಳಿ. ವರ್ಷ ಕಳೆದ ಮೇಲೆ ಮತ್ತೊಮ್ಮೆ ಕೇಳಿ.