ಓಡಿಹೋದವಳಲ್ಲ

ಕೊಲೆಯ ಸಿನಿಮಾ ಹೆಂಗಸರಿಗಲ್ಲ ಎಂಬ ಮಾತನ್ನು ಮೊದಲು ಹೇಳಿದವರು ಗಂಡಸರೇ ಇರಬೇಕು. ನಮಗೆಂದು ಮೀಸಲಿಟ್ಟಿರುವುದು ಸೆರಗು ಒದ್ದೆಯಾಗುವ ಚಿತ್ರಗಳು. ‘ಶರಪಂಜರ’ದ ಕಾವೇರಿಯ ಜೊತೆ ಅತ್ತು ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದರೆ ನಮ್ಮ ಪಾಲಿನ ಸಿನಿಮಾ ಮುಗಿಯಿತು. ಯಾರು ಕೊಂದರು, ಏಕೆ ಕೊಂದರು, ಸುಳ್ಳು ಹೇಳುತ್ತಿರುವವನು ಯಾರು ಎಂದು ತಲೆ ಓಡಿಸುವ ಚಿತ್ರ ಬಂದರೆ ಮಾತ್ರ, ‘ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ, ಮಲಗು’ ಎಂಬ ಅಪ್ಪಣೆ.

ಅರ್ಥವಾಗುವುದಿಲ್ಲವಂತೆ! ಡಬ್ಬಿಯ ಮುಚ್ಚಳ ಓರೆಯಾಗಿರುವುದನ್ನು ನೋಡಿ ಚಕ್ಕುಲಿ ತಿಂದವರು ಯಾರೆಂದು ಹೇಳಬಲ್ಲವರು ನಾವು. ಗಂಡ ಚಪ್ಪಲಿ ಬಿಡುವ ಸದ್ದಿನಿಂದಲೇ ಅವನ ದಿನ ಹೇಗೆ ಕಳೆಯಿತೆಂದು ಒಳಗಿದ್ದೇ ತಿಳಿಯಬಲ್ಲವರು. ಒಂದು ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಪುಸ್ತಕಗಳನ್ನು ಬಾಡಿಗೆಗೆ ತಂದು ಓದಿದವರಲ್ಲಿ ನಮ್ಮ ತಾಯಂದಿರು, ಚಿಕ್ಕಮ್ಮಂದಿರು ಎಷ್ಟು ಮಂದಿ ಇರಲಿಲ್ಲ! ಪತ್ತೇದಾರಿಕೆ ನಮಗೆ ದಿನನಿತ್ಯದ ಕೆಲಸ. ಅದಕ್ಕೆ ಸಂಬಳವಿಲ್ಲ, ಅಷ್ಟೇ.

ಈ ಪೀಠಿಕೆ ಏಕೆಂದರೆ ನಾನು ‘ಕವಲುದಾರಿ’ಯ ಬಗ್ಗೆ ಬರೆಯಬೇಕೆಂದಿದ್ದೇನೆ. ಹೇಮಂತ್ ರಾವ್ ನಿರ್ದೇಶಿಸಿದ ಈ ಚಿತ್ರ 2019ರ ಏಪ್ರಿಲ್‌ನಲ್ಲಿ ತೆರೆಗೆ ಬಂತು. ಪುನೀತ್ ರಾಜ್‌ಕುಮಾರ್ ಅವರ ಪಿ.ಆರ್.ಕೆ. ಪ್ರೊಡಕ್ಷನ್ಸ್‌ಗೆ ಇದೇ ಮೊದಲ ಚಿತ್ರ. ಬೆಂಗಳೂರಿನಲ್ಲಿ ಮೆಟ್ರೋ ಕೆಲಸಕ್ಕೆ ನೆಲ ಅಗೆಯುವಾಗ ಅಸ್ಥಿಗಳು ಸಿಗುತ್ತವೆ. ಶ್ಯಾಮ್ ಎಂಬ ಟ್ರಾಫಿಕ್ ಸಬ್ ಇನ್‌ಸ್ಪೆಕ್ಟರ್, ತನಗೆ ಸಂಬಂಧವಿಲ್ಲದ ಈ ಕೇಸನ್ನು ಬಿಡದೆ ಹಿಡಿಯುತ್ತಾನೆ. ಎಳೆ ಹಿಡಿದು ಹೋದರೆ ಅದು ನಲವತ್ತು ವರ್ಷ ಹಿಂದಿನ ತುರ್ತುಪರಿಸ್ಥಿತಿಯ ಕಾಲಕ್ಕೆ ಕರೆದೊಯ್ಯುತ್ತದೆ. ಪುರಾತತ್ವ ಇಲಾಖೆಯ ಒಬ್ಬ ಅಧಿಕಾರಿ ಹೆಂಡತಿ ಮಗುವಿನೊಡನೆ ಕಾಣೆಯಾಗಿದ್ದ. ರಾಜಮನೆತನದ ಒಡವೆಗಳೂ ಆಗಲೇ ಕಾಣೆಯಾಗಿದ್ದವು. ಕೊಲೆಗಾರ ಯಾರೆಂದು ನಾನು ಹೇಳುವುದಿಲ್ಲ, ಹೆದರಬೇಡಿ. ಪತ್ತೇದಾರಿ ಕಥೆಯ ಕೊನೆ ಹೇಳುವವರಿಗೂ ಊಟಕ್ಕೆ ಕೂತವರ ಎಲೆ ಎಳೆಯುವವರಿಗೂ ವ್ಯತ್ಯಾಸವಿಲ್ಲ.

ಮೊದಲು ಹೊಗಳಬೇಕಾದ್ದನ್ನು ಹೊಗಳಿಬಿಡುತ್ತೇನೆ. ಹಳೆಯ ಕೇಸಿನ ತನಿಖೆ ಮಾಡಿ ಸೋತು, ಕುಡಿತಕ್ಕೆ ಬಿದ್ದ ನಿವೃತ್ತ ಪೊಲೀಸ್ ಅಧಿಕಾರಿ ಮುತ್ತಣ್ಣನಾಗಿ ಅನಂತ್ ನಾಗ್ ನಟಿಸಿದ್ದಾರೆ. ಮುತ್ತಣ್ಣ ಎಂಬ ಹೆಸರು ಕೇಳಿದೊಡನೆ ನಮ್ಮ ನೆಲ್ಯಹುದಿಕೇರಿಯ ಕಡೆಯವರ ಕಿವಿ ನೆಟ್ಟಗಾಗುತ್ತದೆ. ಸಿನಿಮಾದವರಿಗೆ ಖಾಕಿ, ಕೋವಿ, ಗುಂಡು ಬೇಕಾದಾಗಲೆಲ್ಲ ಕೊಡಗಿನ ಹೆಸರು ನೆನಪಾಗುತ್ತದೆಂದು ನಾವು ನಗುತ್ತೇವೆ. ಆದರೆ ಈ ಮುತ್ತಣ್ಣ ನಗುವ ವಸ್ತುವಲ್ಲ. ಇದೇ ನಿರ್ದೇಶಕರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಅನಂತ್ ನಾಗ್ ಎಲ್ಲವನ್ನೂ ಮರೆತ ವೆಂಕೋಬರಾಯರಾಗಿದ್ದರು. ಇಲ್ಲಿ ಏನನ್ನೂ ಮರೆಯಲಾಗದವರಾಗಿದ್ದಾರೆ. ಮರೆವನ್ನು ನಟಿಸಿದವರೇ ನೆನಪಿನ ಭಾರವನ್ನೂ ಹೊತ್ತು ತೋರಿಸಿದ್ದಾರೆ, ಅದೂ ಒಂದಿಷ್ಟೂ ಕೂಗಾಡದೆ. ಶ್ಯಾಮ್ ಆಗಿ ರಿಷಿ ತಮ್ಮ ಹಟವನ್ನು ಮುಖದ ಮೇಲೆ ಬರೆದುಕೊಳ್ಳದೆ ನಡೆಯಲ್ಲಿ ತೋರಿಸುತ್ತಾರೆ. ಸಾಲದಲ್ಲಿ ಮುಳುಗಿದ ಸಣ್ಣ ಪತ್ರಿಕೆಯವನಾಗಿ ಅಚ್ಯುತ್ ಕುಮಾರ್ ಇದ್ದಾರೆ. ಅವರು ಬಂದರೆ ನಮ್ಮ ಪೇಟೆಯ ಯಾರೋ ಪರಿಚಿತರು ಬಂದು ಕೂತಂತೆ. ಚರಣ್ ರಾಜ್ ಸಂಗೀತ ಕಥೆಯ ಬೆನ್ನು ಹತ್ತಿ ಬರುತ್ತದೆ, ಎದುರು ನಿಂತು ಅಡ್ಡಗಟ್ಟುವುದಿಲ್ಲ. ಇಷ್ಟಕ್ಕೂ ನನ್ನ ಚಪ್ಪಾಳೆ ಇದೆ.

ಇನ್ನು ಜಗಳ.

ಈ ಚಿತ್ರದಲ್ಲಿ ಕೊಲೆಗಿಂತ ದೊಡ್ಡ ಅಪರಾಧವೊಂದು ನಡೆಯುತ್ತದೆ. ಅದನ್ನು ವಿಮರ್ಶೆ ಬರೆದವರು ಗಮನಿಸಿದ್ದನ್ನು ನಾನು ಕಾಣೆ. ಆ ಸಂಸಾರ ಮಣ್ಣಿನೊಳಗೆ ಇರುವಷ್ಟು ಕಾಲವೂ, ಒಡವೆ ಕದ್ದುಕೊಂಡು ಓಡಿಹೋದರು ಎಂದೇ ಲೋಕ ನಂಬಿತ್ತು. ನಲವತ್ತು ವರ್ಷ! ಸತ್ತವರ ತಲೆಯ ಮೇಲೆ ಕಳ್ಳತನದ ಗಂಟು ಹೊರಿಸಿ, ಫೈಲು ಕಟ್ಟಿಟ್ಟು, ಎಲ್ಲರೂ ನಿದ್ದೆ ಮಾಡಿದರು. ಒಂದು ಸಲ ಕೊಂದವನು ಕೊಲೆಗಾರ. ಓಡಿಹೋದರು ಎಂದು ದಿನವೂ ಕೊಂದವರಿಗೆ ಯಾವ ಹೆಸರು?

‘ಓಡಿಹೋದಳು’ ಎಂಬ ಮಾತಿನ ತೂಕ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಂಡಸು ಎರಡು ದಿನ ಮನೆಗೆ ಬಾರದಿದ್ದರೆ ‘ಏನಾಯಿತೋ’ ಎನ್ನುತ್ತಾರೆ. ಹೆಂಗಸು ಎರಡು ಗಂಟೆ ತಡಮಾಡಿದರೆ ‘ಯಾರೊಡನೆಯೋ’ ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ತೋಟದ ಲೈನ್ ಮನೆಯಿಂದ ಸೌದೆಗೆ ಹೋದ ಹೆಂಗಸು ಸಂಜೆ ಬರಲಿಲ್ಲ. ಕತ್ತಲಾಗುವುದರೊಳಗೆ ಆಕೆಗೊಬ್ಬ ಗೆಣೆಕಾರ ಹುಟ್ಟಿಕೊಂಡ. ಅವನ ಊರು, ಅವನು ಓಡಿಸುತ್ತಿದ್ದ ಜೀಪಿನ ಬಣ್ಣ, ಎಲ್ಲವೂ ಸಿದ್ಧವಾಯಿತು. ನಾನು ‘ಟಾರ್ಚು ಹಿಡಿದು ತೋಟದೊಳಗೆ ಹುಡುಕಬಾರದೇ?’ ಎಂದರೆ, ‘ನಿಮಗೆ ಗೊತ್ತಿಲ್ಲ ಅಕ್ಕಾ, ಅವಳು ಈಗ ಮೈಸೂರು ದಾಟಿರುತ್ತಾಳೆ’ ಎಂದು ಒಬ್ಬರು ನನಗೇ ಬುದ್ಧಿ ಹೇಳಿದರು. ಮಾರನೆಯ ದಿನ ಮಧ್ಯಾಹ್ನ ಆಕೆ ಸಿಕ್ಕಿದಳು. ಆನೆ ಕಂದಕದೊಳಗೆ ಬಿದ್ದು ಕಾಲು ಮುರಿದುಕೊಂಡು, ಕೂಗಿ ಕೂಗಿ ಗಂಟಲು ಕಟ್ಟಿ ಕೂತಿದ್ದಳು. ಕಾಲು ನೆಟ್ಟಗಾಯಿತು. ಮಾತು ನೆಟ್ಟಗಾಗಲಿಲ್ಲ. ‘ಆ ಹೊತ್ತಿಗೆ ಅಲ್ಲಿಗೆ ಏಕೆ ಹೋಗಿದ್ದಳಂತೆ?’ ಎಂದು ಕೇಳುವವರು ಇವತ್ತಿಗೂ ಇದ್ದಾರೆ.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನಮ್ಮೂರಿನ ಹೊಳೆದಂಡೆಯ ಮನೆಗಳನ್ನು ಕೊಂಡೊಯ್ದಾಗ ಪರಿಹಾರ ಕೇಂದ್ರದಲ್ಲಿ ಹೆಂಗಸರು, ಮಕ್ಕಳು, ಮುದುಕರು ಎಂದು ತಲೆ ಎಣಿಸಿ ಹೆಸರು ಬರೆದುಕೊಂಡರು. ನೆರೆ ಬಂದಾಗ ಲೆಕ್ಕಕ್ಕೆ ಬರುವ ಹೆಣ್ಣುತಲೆ, ಸುಮ್ಮನೆ ಒಂದು ಮಂಗಳವಾರ ಕಾಣೆಯಾದರೆ ಏಕೆ ಲೆಕ್ಕಕ್ಕೆ ಬರುವುದಿಲ್ಲ? ಮಗು ಕಾಣೆಯಾದ ದೂರು ಬಂದರೆ ಅಪಹರಣವೆಂದೇ ಊಹಿಸಿ ಎಫ್.ಐ.ಆರ್. ದಾಖಲಿಸಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಒಳ್ಳೆಯ ಊಹೆ. ದೊಡ್ಡವಳ ವಿಷಯಕ್ಕೆ ಬಂದಾಗ ಊರಿನ ಊಹೆ ಬೇರೆ, ಅದಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ.

‘ಕವಲುದಾರಿ’ ಈ ಮಾತನ್ನು ಹೇಳಲು ಹೊರಟು, ಬಾಗಿಲಿನವರೆಗೆ ಬಂದು, ಒಳಗೆ ಕಾಲಿಡದೆ ಹಿಂದಿರುಗುತ್ತದೆ. ಆ ಅಧಿಕಾರಿಯ ಹೆಂಡತಿ ಯಾರು? ಯಾವ ಊರಿನವಳು? ಆಕೆಗೊಬ್ಬ ತಾಯಿ ಇದ್ದಿರಬೇಕಲ್ಲ? ಮಗಳು ಕಳ್ಳನ ಹೆಂಡತಿಯಾಗಿ ಓಡಿಹೋದಳೆಂದು ನಂಬಿಯೋ ನಂಬದೆಯೋ ಆ ತಾಯಿ ಎಷ್ಟು ಗೌರಿಹಬ್ಬ ಕಳೆದಳು? ಆ ಮನೆಯ ಬಾಗಿಲು ನಮಗೆ ತೆರೆಯುವುದಿಲ್ಲ. ನೋವೆಲ್ಲ ಗಂಡಸರಿಗೆ ಹಂಚಿಕೆಯಾಗಿದೆ. ಒಬ್ಬನಿಗೆ ಹಳೆಯ ಸೋಲು, ಒಬ್ಬನಿಗೆ ಹೊಸ ಹಟ, ಇನ್ನೊಬ್ಬನಿಗೆ ಸಾಲ. ಸುಮನ್ ರಂಗನಾಥನ್ ಅವರಿಗೆ ಸಿಕ್ಕಿರುವುದು ನಟಿಯೊಬ್ಬಳ ಪಾತ್ರ, ರೋಶನಿ ಪ್ರಕಾಶ್ ಅವರಿಗೆ ಪತ್ರಕರ್ತನ ಮಗಳ ಪಾತ್ರ. ಇಬ್ಬರೂ ಕೊಟ್ಟಷ್ಟು ಜಾಗದಲ್ಲಿ ಚೆನ್ನಾಗಿಯೇ ನಿಂತಿದ್ದಾರೆ. ಆದರೆ ಕೊಟ್ಟ ಜಾಗ ಬಸ್ಸಿನ ಮೆಟ್ಟಿಲಿನಷ್ಟು.

ಅದೇ ನಿರ್ದೇಶಕರು ‘ಗೋಧಿ ಬಣ್ಣ’ದಲ್ಲಿ ಏನು ಮಾಡಿದ್ದರು ನೋಡಿ. ಅಲ್ಲಿ ಕಾಣೆಯಾದದ್ದು ಅಪ್ಪ. ಮಗ ಊರೆಲ್ಲ ಅಲೆಯುತ್ತಾನೆ, ಅಲೆಯುತ್ತಲೇ ತನ್ನ ಅಪ್ಪ ಯಾರಾಗಿದ್ದರೆಂದು ಮೊದಲ ಸಲ ತಿಳಿಯುತ್ತಾನೆ. ಚಿತ್ರದ ಹೆಸರೇ ‘ಕಾಣೆಯಾಗಿದ್ದಾರೆ’ ಪ್ರಕಟಣೆಯ ಭಾಷೆ. ಅಪ್ಪ ಕಾಣೆಯಾದರೆ ಅಪ್ಪನ ಬಾಳು ಕಥೆಯಾಗುತ್ತದೆ. ಅಮ್ಮ ಕಾಣೆಯಾದರೆ ಪೊಲೀಸನ ಬಾಳು ಕಥೆಯಾಗುತ್ತದೆ. ಇದು ಯಾವ ನ್ಯಾಯ?

‘ತನಿಖೆಯ ಕಥೆ ಪೊಲೀಸನ ಕಣ್ಣಿನಿಂದಲೇ ಸಾಗಬೇಕು, ಸತ್ತವಳಿಗೆ ಮಾತು ಕೊಡುವುದು ಹೇಗೆ?’ ಎಂದು ನನ್ನೊಡನೆ ವಾದಿಸಿದವರಿದ್ದಾರೆ. ಸತ್ತವಳು ಮಾತಾಡಬೇಕಿಲ್ಲ ಸ್ವಾಮಿ, ಆಕೆಯ ಬಗ್ಗೆ ಒಬ್ಬ ಹೆಂಗಸನ್ನು ಕೇಳಿದರೆ ಸಾಕು. ಪಕ್ಕದ ಮನೆಯವಳು, ಹಾಲಿನವಳು, ಮಗುವಿನ ಟೀಚರು. ಒಲೆಯ ಮೇಲೆ ಹಾಲಿಟ್ಟು, ಹಗ್ಗದ ಮೇಲೆ ಮಗುವಿನ ಬಟ್ಟೆ ಬಿಟ್ಟು ಯಾರಾದರೂ ಓಡಿಹೋಗುತ್ತಾರೆಯೇ ಎಂದು ಅವರಲ್ಲೊಬ್ಬಳು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು. ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕೇ? ಹೆಣ್ಣು ಬಂದರೆ ಕಥೆಯ ಬಿಗಿ ಸಡಿಲವಾಗುತ್ತದೆ ಎನ್ನುವವರು ಕಾಶೀನಾಥರ ‘ಅಪರಿಚಿತ’ವನ್ನು ನೆನಪಿಸಿಕೊಳ್ಳಲಿ. 1978ರಲ್ಲಿ, ಇನ್ನೂ ಹದಿನಾರರ ಆಸುಪಾಸಿನಲ್ಲಿದ್ದ ಶೋಭಾ ಅದರ ನಾಯಕಿಯಾಗಿದ್ದಳು. ಕನ್ನಡದ ರಹಸ್ಯಚಿತ್ರಗಳ ಮಾತು ಬಂದಾಗ ಇವತ್ತಿಗೂ ಅದರ ಹೆಸರು ಬರುತ್ತದೆ. ಬಿಗಿ ಎಲ್ಲಿಗೂ ಹೋಗಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಎರಡು. ಸಿನಿಮಾ ಮಾಡುವವರಿಗೆ ಒಂದು: ಹೆಣ್ಣಿನ ಅಸ್ಥಿಯನ್ನು ಅಗೆದು ತೆಗೆಯುವಾಗ ಆಕೆಯ ಹೆಸರನ್ನೂ ಅಗೆದು ತೆಗೆಯಿರಿ. ಇನ್ನೊಂದು ನಮಗೇ, ನನ್ನ ನಿಮ್ಮಂಥ ಹೆಂಗಸರಿಗೆ. ಏಕೆಂದರೆ ಆ ಮಾತನ್ನು ಬಾಯಿಂದ ಬಾಯಿಗೆ ದಾಟಿಸುವವರಲ್ಲಿ ನಾವೂ ಇದ್ದೇವೆ, ನಲ್ಲಿಯ ಬಳಿ, ಮದುವೆಯ ಪಂಕ್ತಿಯಲ್ಲಿ. ಮುಂದಿನ ಸಲ ಯಾವಳಾದರೂ ಸಂಜೆ ಮನೆಗೆ ಬಾರದೆ, ಯಾರಾದರೂ ‘ಓಡಿಹೋಗಿರಬೇಕು’ ಎಂದು ತುಟಿ ಅಲುಗಿಸಿದರೆ, ಅವರ ಕೈಗೆ ಒಂದು ಟಾರ್ಚು ಕೊಡಿ. ಮೊದಲು ಹುಡುಕಲಿ. ಮಾತು ಆಮೇಲೆ.