ಒಂದು ಮನೆ, ಎರಡು ಒಲೆ

ಪಾಲು ಎಂಬ ಮಾತು ನಮ್ಮವರ ಕಿವಿಗೆ ಹಿತವಾದುದಲ್ಲ. ಊರಿನ ತೊಟ್ಟಿಮನೆಯ ನಡುವೆ ಗೋಡೆ ಎದ್ದ ಕಥೆ ನಮ್ಮಲ್ಲಿ ಅನೇಕರ ಮನೆತನದ ಕಥೆಯೇ ಆಗಿದೆ. ಆದರೆ ಈ ಸಲ ನಾವು ವಾಚಕರ ಮುಂದಿಡುವ ಪಾಲು ಜಗಳದ್ದಲ್ಲ. ಮನೆಯ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಎರಡು ಭಾಗ ಮಾಡಿ, ವಿಂಡೋಸ್ ಇರುವಲ್ಲಿಯೇ ಲಿನಕ್ಸ್ ಎಂಬ ಎರಡನೆಯ ಕಾರ್ಯಾಚರಣ ವ್ಯವಸ್ಥೆಗೂ ಬಿಡಾರ ಮಾಡಿಕೊಡುವ ವಿಚಾರವಿದು.

ಇದರ ಅಗತ್ಯವೇನೆಂದು ಕೇಳಬಹುದು. ೨೦೧೫ರಲ್ಲಿ ಬಂದ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಆಧಾರ ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ ಹಾಕೋಣವೆಂದರೆ ಹಳೆಯ ಯಂತ್ರಗಳಲ್ಲಿ ಅನೇಕವು ಅದರ ನಿಯಮಕ್ಕೆ ಒಗ್ಗವು. ಹಾಗೆಂದು, ಮಕ್ಕಳ ಓದಿಗಾಗಿ ಹೊಟ್ಟೆಬಟ್ಟೆ ಕಟ್ಟಿ ಕೊಂಡ ಯಂತ್ರವನ್ನು ಗುಜರಿಯವನಿಗೆ ಕೊಡುವುದುಂಟೆ? ೧೯೯೧ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನ ಉಬುಂಟು, ಮಿಂಟ್ ಮೊದಲಾದ ರೂಪಗಳು ಕಾಸಿಲ್ಲದೆ ದೊರೆಯುತ್ತವೆ. ಕನ್ನಡದ ಕೀಲಿಮಣೆಯೂ ಅವುಗಳ ಜೊತೆಯಲ್ಲೇ ಬರುತ್ತದೆ. ಬ್ಯಾಂಕಿನ ವ್ಯವಹಾರ, ಇಂಟರ್ನೆಟ್ಟಿನ ಕೆಲಸ ಹೊಸ ಕೋಣೆಯಲ್ಲಿ ನಡೆಯಲಿ. ಹಳೆಯ ಲೆಕ್ಕಪತ್ರದ ತಂತ್ರಾಂಶ ಹಳೆಯ ಕೋಣೆಯಲ್ಲಿರಲಿ.

ಇನ್ನು ಕೆಲಸದ ಕ್ರಮ. ಗೋಡೆ ಕಟ್ಟುವ ಮುನ್ನ ಒಡವೆ ವಸ್ತುಗಳನ್ನು ಹೊರಗೆ ಸಾಗಿಸುವುದು ಬುದ್ಧಿವಂತರ ಲಕ್ಷಣ. ಮದುವೆ ಮುಂಜಿಗಳ ಚಿತ್ರಗಳು, ಅಜ್ಜಿಯ ಧ್ವನಿ, ಈಗ ಮಾರಾಟವಾಗಿ ಹೋಗಿರುವ ಊರಿನ ಮನೆಯ ಪಟ, ಇವೆಲ್ಲ ಮೊದಲು ಬೇರೊಂದು ಡಿಸ್ಕಿಗೆ ಹೋಗಲಿ. ಹೋದವೆಂದು ನಂಬಿ ಕೂರದೆ, ನಾಲ್ಕಾರನ್ನು ತೆರೆದು ನೋಡಬೇಕು. ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದಲ್ಲಿ, ಅದರ ೪೮ ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದಿಡಬೇಕು.

ಆಮೇಲೆ ಜಾಗ ತೆರವು. ಇದನ್ನು ಮನೆಯಲ್ಲಿರುವ ಒಕ್ಕಲೇ ಮಾಡುವುದು ಲೇಸು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ, ಷ್ರಿಂಕ್ ವಾಲ್ಯೂಮ್ ಎಂಬುದನ್ನು ಒತ್ತಿ, ಸುಮಾರು ೫೦ ಜಿಬಿ ಬಿಡಿಸಿ ಖಾಲಿ ಇಡಬೇಕು. ಫಾಸ್ಟ್ ಸ್ಟಾರ್ಟಪ್ ಎಂಬುದನ್ನು ಆರಿಸಬೇಕು. ಅದಿದ್ದರೆ ವಿಂಡೋಸ್ ಪೂರ್ತಿ ಮಲಗದೆ ಅರೆನಿದ್ರೆಯಲ್ಲಿರುತ್ತದೆ, ಆಗ ಪಕ್ಕದವರು ಅದರ ಸಾಮಾನು ಮುಟ್ಟುವುದು ಅಪಾಯ.

ಬಳಿಕ ಪೆನ್ ಡ್ರೈವಿನಿಂದ ಲಿನಕ್ಸನ್ನು ಎಬ್ಬಿಸಿ, ಸ್ಥಾಪಿಸದೆಯೇ ಒಂದು ಗಂಟೆ ಬಳಸಿ ನೋಡಬಹುದು. ವೈ-ಫೈ ಹಿಡಿಯಿತೆ, ಧ್ವನಿ ಬಂದಿತೆ ಎಂದು ತಿಳಿದ ಮೇಲೆ ಒಪ್ಪಂದಕ್ಕೆ ಸಹಿ. ಇಲ್ಲಿಯೇ ವಾಚಕರು ಕನ್ನಡಕ ಏರಿಸಿಕೊಳ್ಳಬೇಕಾದುದು! ‘ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸು’ ಎಂಬ ಸಾಲಿನ ಹತ್ತಿರವೇ ‘ಇಡೀ ಡಿಸ್ಕನ್ನು ಅಳಿಸಿ ಸ್ಥಾಪಿಸು’ ಎಂಬ ಸಾಲೂ ಇರುತ್ತದೆ. ಮೊದಲನೆಯದು ಪಾಲು, ಎರಡನೆಯದು ಮನೆ ನೆಲಸಮ.

ಮುಂದೆ ಯಂತ್ರವನ್ನು ಹಚ್ಚಿದಾಗಲೆಲ್ಲ ಗ್ರಬ್ ಎಂಬ ದ್ವಾರಪಾಲಕನು ಯಾರ ಮನೆಗೆಂದು ವಿಚಾರಿಸುತ್ತಾನೆ. ಕೆಲವು ಯಂತ್ರಗಳಲ್ಲಿ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ ಬೀಳುವುದುಂಟು. ಗಾಬರಿ ಬೇಡ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಜಾಗತಿಕ ಕಾಲವನ್ನಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಕಾಲವೆಂದು ಓದುತ್ತದೆ. ಸ್ಥಳೀಯ ಕಾಲವನ್ನೇ ಇಡುವಂತೆ ಲಿನಕ್ಸಿಗೆ ಒಮ್ಮೆ ಹೇಳಿದರಾಯಿತು.

ಕಡೆಗೊಂದು ಮಾತು. ಡಿಸ್ಕನ್ನು ಸಿ, ಡಿ ಎಂದು ಭಾಗ ಮಾಡಿ, ಚಿತ್ರಗಳನ್ನು ಡಿ ಭಾಗಕ್ಕೆ ಸೇರಿಸಿದರೆ ಅವು ಕ್ಷೇಮವೆಂದು ನಂಬಿದವರು ಬಹುಮಂದಿ. ಗೋಡೆಯು ಕೋಣೆಗಳನ್ನು ಎರಡು ಮಾಡುತ್ತದೆಯೇ ಹೊರತು ತಳಪಾಯವನ್ನಲ್ಲ. ಡಿಸ್ಕು ಕೆಟ್ಟ ದಿನ ಎರಡು ಒಲೆಗಳೂ ಒಟ್ಟಿಗೆ ಆರುತ್ತವೆ. ಆದುದರಿಂದ, ಲಿನಕ್ಸ್ ಬೇಡವೆನ್ನುವ ಮನೆಯವರೂ ಮೇಲೆ ಹೇಳಿದ ಮೊದಲ ಕೆಲಸವೊಂದನ್ನು ಈ ಭಾನುವಾರವೇ ಮುಗಿಸಬೇಕೆಂದು ನಮ್ಮ ವಿನಂತಿ. ಯಂತ್ರ ಹೋದರೆ ಪೇಟೆಯಲ್ಲಿ ಇನ್ನೊಂದು ಸಿಕ್ಕೀತು. ಅಜ್ಜಿಯ ಧ್ವನಿ ಯಾವ ಪೇಟೆಯಲ್ಲೂ ಸಿಗದು.