ಓಡುವ ಸೈಕಲ್ಲನ್ನು ಹೂಕುಂಡವಾಗಿಸಬೇಡಿ



ಈ ಬಾರಿಯ ರಾಜ್ಯೋತ್ಸವಕ್ಕೆ ಹಳೆಯ ಸೈಕಲ್ಲುಗಳನ್ನು ಸಂಗ್ರಹಿಸಿ, ಹಳದಿ-ಕೆಂಪು ಬಣ್ಣ ಬಳಿದು, ಹ್ಯಾಂಡಲ್ಲಿಗೆ ಹೂಕುಂಡ ತೂಗುಹಾಕಿ, ಸಭಾಂಗಣದ ಮುಂದೆ ಕಲಾಕೃತಿಗಳಾಗಿ ನಿಲ್ಲಿಸಿ ಹರಾಜು ಹಾಕಬೇಕು, ಬಂದ ಹಣವನ್ನು ತವರಿನ ಒಂದು ಸರ್ಕಾರಿ ಶಾಲೆಗೆ ಕಳುಹಿಸಬೇಕು ಎಂಬ ಸಲಹೆ ನಮ್ಮ ನಡುವೆ ಕೇಳಿಬಂದಿದೆ. ಉದ್ದೇಶದ ಬಗ್ಗೆ ನಮಗೆ ತಕರಾರಿಲ್ಲ. ಮಕ್ಕಳ ಕೈಗೆ ಕುಂಚ ಕೊಡುವುದೂ ಸಂತೋಷದ ಸಂಗತಿಯೇ. ಆದರೆ ಓಡಬಲ್ಲ ಸೈಕಲ್ಲನ್ನು ಕಂಬಕ್ಕೆ ಕಟ್ಟಿ ಹೂಕುಂಡವಾಗಿಸಿ, ಅದನ್ನು ಸೇವೆಯೆಂದು ಕರೆಯುವುದನ್ನು ನಾವು ಒಪ್ಪಲಾರೆವು.

ಹ್ಯಾಂಬರ್ಗಿನಲ್ಲಿ ಸೈಕಲ್ಲಿಗೇನು ಬರವೇ ಎಂದು ಕೇಳುವವರಿದ್ದಾರೆ. ರೈಲು ನಿಲ್ದಾಣಗಳ ಬಳಿ ಬೀಗ ಹಾಕಿದಂತೆಯೇ ತುಕ್ಕು ಹಿಡಿಯುತ್ತಿರುವ ಅನಾಥ ಸೈಕಲ್ಲುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅವು ನಮ್ಮ ಕೈಗೆ ಬರುವಂಥವಲ್ಲ. ನಗರದ ಸ್ವಚ್ಛತಾ ಇಲಾಖೆಯವರು ಚೀಟಿ ಅಂಟಿಸಿ, ಗಡುವು ಮುಗಿದ ಮೇಲೆ ಒಯ್ಯುತ್ತಾರೆ. ನಮಗೆ ಸಿಗುವವು ಸದಸ್ಯರ ಮನೆಗಳ ನೆಲಮಾಳಿಗೆಯವು: ಮಗು ಬೆಳೆದು ಚಿಕ್ಕದಾದದ್ದು, ಹೊಸದು ಬಂದ ಮೇಲೆ ಮೂಲೆ ಸೇರಿದ್ದು. ಇವುಗಳಲ್ಲಿ ಹಲವಕ್ಕೆ ಬೇಕಾಗಿರುವುದು ಒಂದು ಟ್ಯೂಬು, ಬ್ರೇಕಿನ ರಬ್ಬರು, ಚೈನಿಗೆ ನಾಲ್ಕು ಹನಿ ಎಣ್ಣೆ. ಇದೇ ಊರಿನಲ್ಲಿ ವೆಸ್ಟ್‌ವಿಂಡ್ ಎಂಬ ಸ್ವಯಂಸೇವಕರ ಸಂಘವು ದಾನವಾಗಿ ಬಂದ ಸೈಕಲ್ಲುಗಳನ್ನು ದುರಸ್ತಿ ಮಾಡಿ ನಿರಾಶ್ರಿತರಿಗೆ ಒದಗಿಸುತ್ತಿದೆ. ಭಾಷೆ ಬಾರದ ಊರಿಗೆ ಬಂದಿಳಿದವನಿಗೆ ಜರ್ಮನ್ ತರಗತಿಗೂ ಕಚೇರಿಗೂ ತಾನೇ ಹೋಗಿಬರುವ ಸ್ವಾತಂತ್ರ್ಯ ಎಂಥದೆಂದು, ನಾವೂ ಒಂದು ಕಾಲಕ್ಕೆ ಹೊಸಬರಾಗಿ ಬಂದವರೇ ಆದ್ದರಿಂದ, ವಿವರಿಸಬೇಕಿಲ್ಲ.

ಸೈಕಲ್ಲನ್ನು ಸಿಂಗರಿಸುವ ವಿದ್ಯೆಯನ್ನು ನಾವು ಯೂರೋಪಿನಿಂದ ಕಲಿಯಬೇಕಾಗಿಯೂ ಇಲ್ಲ. ಆಯುಧಪೂಜೆಯ ದಿನ ನಮ್ಮ ಊರುಗಳಲ್ಲಿ ಸೈಕಲ್ಲನ್ನು ಬಾವಿಕಟ್ಟೆಗೆ ಒಯ್ದು ತೊಳೆದು, ಅರಿಶಿನ-ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕಡ್ಡಿಗಳ ನಡುವೆ ಬಣ್ಣದ ಕಾಗದ ಸುತ್ತುತ್ತಿದ್ದರು. ಇಡೀ ಬೀದಿ ಅಂದು ಕಲಾಶಾಲೆ. ಅಷ್ಟಾದ ಮೇಲೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಅದರ ಮೇಲೆ ಸೈಕಲ್ಲನ್ನು ಹಾಯಿಸುತ್ತಿದ್ದರು. ಹಣ್ಣು ಅಪ್ಪಚ್ಚಿಯಾಗದೆ ಪೂಜೆ ಮುಗಿಯುತ್ತಿರಲಿಲ್ಲ. ಮರುದಿನ ಬಾಡಿದ ಹಾರದ ಸಮೇತ ಅದೇ ಸೈಕಲ್ಲು ಹಾಲಿನ ಕ್ಯಾನು ಹೊತ್ತು ಹೊರಡುತ್ತಿತ್ತು.

ನಾವು ಹಣ ಕಳುಹಿಸಬೇಕೆಂದಿರುವ ಶಾಲೆಯ ಕಡೆಗೂ ಒಮ್ಮೆ ನೋಡೋಣ. ಕರ್ನಾಟಕ ಸರ್ಕಾರವು 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಏಳನೆಯ ತರಗತಿಯವರೆಗೆ ಊರಲ್ಲೇ ಶಾಲೆ; ಹೈಸ್ಕೂಲು ಮಾತ್ರ ಮತ್ತೊಂದು ಊರಲ್ಲಿ. ಆ ಕೆಲವು ಕಿಲೋಮೀಟರುಗಳಲ್ಲೇ ಎಷ್ಟೋ ಹೆಣ್ಣುಮಕ್ಕಳ ಓದು ನಿಂತುಹೋಗುತ್ತಿತ್ತು. ಅಂಥ ಶಾಲೆಯ ಹೆಸರಿನಲ್ಲಿ ಇಲ್ಲಿ ಸೈಕಲ್ಲಿನ ಚಕ್ರಕ್ಕೆ ಅಂಟು ಸುರಿದು ನಿಲ್ಲಿಸುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಹಾಗಾದರೆ ಓಡದ ಸೈಕಲ್ಲು ಕಲೆಯಾಗಬಾರದೇ ಎಂಬ ಪ್ರಶ್ನೆ ಏಳಬಹುದು. ಆಗಬಹುದು. ಪಿಕಾಸೊ 1942ರಲ್ಲಿ ಒಂದು ಹಳೆಯ ಸೀಟನ್ನೂ ಹ್ಯಾಂಡಲ್ಲನ್ನೂ ಜೋಡಿಸಿ ಗೂಳಿಯ ತಲೆಯನ್ನು ಮಾಡಿದ. ಗುಜರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕಿರಲಾರದು. ಜರ್ಮನಿಯ ರಸ್ತೆಬದಿಗಳಲ್ಲಿ, ಅಪಘಾತದಲ್ಲಿ ಸವಾರ ಸತ್ತ ಜಾಗದಲ್ಲಿ, ಅಪ್ಪಟ ಬಿಳಿ ಬಣ್ಣದ ಸೈಕಲ್ಲೊಂದನ್ನು ನಿಲ್ಲಿಸುತ್ತಾರೆ. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮೊದಲಾದ ಪದ್ಧತಿಯಿದು. ಆ ಸೈಕಲ್ಲು ಚಲಿಸದಿರುವುದರಲ್ಲೇ ಅದರ ಅರ್ಥವಿದೆ. ಹೂಕುಂಡಕ್ಕೆ ಅಂಥ ಅರ್ಥವೆಲ್ಲಿಯದು?

ಕಲೆಯಿಂದ ಧರ್ಮಕಾರ್ಯಕ್ಕೆ ಹಣ ಕೂಡಿಸುವುದು ಹೇಗೆಂದು ತಿಳಿಯಲು ಸಾಂಕ್ಟ್ ಪೌಲಿಯ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೋದರೆ ಸಾಕು. ಕುಡಿಯುವ ನೀರಿನ ಯೋಜನೆಗಳಿಗಾಗಿ ವಿವಾ ಕಾನ್ ಅಗ್ವಾ ಸಂಸ್ಥೆ 2011ರಿಂದ ಅಲ್ಲಿ ಮಿಲರ್ನ್‌ಟೋರ್ ಗ್ಯಾಲರಿ ಎಂಬ ಕಲಾಪ್ರದರ್ಶನವನ್ನು ನಡೆಸಿಕೊಂಡು ಬಂದಿದೆ. ನೀರಿನ ಹೆಸರಿನಲ್ಲಿ ಅಲ್ಲಿ ಯಾರೂ ತುಂಬಿದ ಕೊಡವನ್ನು ಒಡೆಯುವುದಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಬಂದ ಸೈಕಲ್ಲುಗಳನ್ನು ಮೊದಲು ರಿಪೇರಿ ಬಲ್ಲವರು ನೋಡಲಿ. ನಿಜವಾಗಿ ಸತ್ತವುಗಳ ಬಿಡಿಭಾಗಗಳಿಂದ ಮಕ್ಕಳು ಏನು ಬೇಕಾದರೂ ಮಾಡಲಿ, ಅದನ್ನು ಹರಾಜು ಹಾಕೋಣ. ಓಡುವವುಗಳಿಗೆ ಚೌಕಟ್ಟಿನ ಮೇಲಷ್ಟೇ ಚಿತ್ತಾರ ಬರೆಯಲಿ. ಬ್ರೇಕು ಹಿಡಿಯುವ ರಿಮ್ಮಿಗೆ ಬಣ್ಣ ತಾಗಬಾರದು. ಇಲ್ಲಿನ ಸಂಚಾರ ನಿಯಮ ಕಡ್ಡಾಯಗೊಳಿಸಿರುವ ದೀಪ, ಪ್ರತಿಫಲಕಗಳು ಮುಚ್ಚಿಹೋಗಬಾರದು. ಕಳವಾದರೆ ಪೊಲೀಸರು ಗುರುತು ಹಿಡಿಯುವುದು ಚೌಕಟ್ಟಿನ ಸಂಖ್ಯೆಯಿಂದ, ಅದೂ ಕಾಣುವಂತಿರಲಿ. ಹೀಗೆ ಸಿಂಗಾರಗೊಂಡ ಸೈಕಲ್ಲುಗಳು ರಾಜ್ಯೋತ್ಸವದ ಮೆರವಣಿಗೆಯಲ್ಲಿ ಮುಂದೆ ಸಾಗಿ, ಮರುವಾರ ದುರಸ್ತಿ ಕಾರ್ಯಾಗಾರಕ್ಕೆ ಹೋಗಲಿ. ಶಾಲೆಗೆ ಹೋಗಬೇಕಾದ ಹಣವನ್ನು, ಬಣ್ಣಕ್ಕೂ ಸಭಾಂಗಣದ ಬಾಡಿಗೆಗೂ ಎಷ್ಟು ಕಳೆಯಿತೆಂಬ ಲೆಕ್ಕದೊಡನೆ, ಇದೇ ಪುಟದಲ್ಲಿ ಪ್ರಕಟಿಸಬೇಕು.

ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ಬರುವವರು ತಮ್ಮ ನೆಲಮಾಳಿಗೆಗೆ ಒಮ್ಮೆ ಇಳಿದು, ಅಲ್ಲಿರುವ ಸೈಕಲ್ಲಿನ ಪೆಡಲನ್ನು ತಿರುಗಿಸಿ ನೋಡಿ ಬರಬೇಕೆಂದು ವಿನಂತಿ.